ಮನೇಲಿ ಏನೋ ಇದೆ ಅನ್ನಿಸ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೇಲಿ ರಾತ್ರಿ ಸದ್ದು ಕೇಳಿ ಹೆದರಿದ್ದು ಗೊತ್ತಿರೋ ನೆಂಟರು, ಆಫೀಸಿನವರು, ಅವರ ಕಡೆಯವರು ಎಲ್ಲ ನನಗೆ ಫೋನ್ ಮಾಡಿ ಮನೇಲಿ ದೆವ್ವ ಇದ್ಯಾ, ಏನ್ ಮಾಡೋದು ಅಂತ ಕೇಳ್ತಿರ್ತಾರೆ, ಕೆಲವರು ರಾತ್ರಿ ಹನ್ನೊಂದಕ್ಕೆ ಮಾಡ್ತಾರೆ, ಪಾಪ ಬೆಳಿಗ್ಗೆ ತನಕ ತಡೆಯೋಕಾಗಿರಲ್ಲ. ಎಲ್ಲರಿಗೂ ಹೇಳಿದ್ದನ್ನ ಒಂದೇ ಕಡೆ ಬರೆದಿಡ್ತಿದೀನಿ.

ಈಗ ರಾತ್ರಿ, ಮನೇಲಿ ನಾನೊಬ್ಬಳೇ, ತುಂಬಾ ಭಯ ಆಗ್ತಿದೆ. ಏನ್ ಮಾಡ್ಲಿ?

ಮೊದಲು ಲೈಟ್ ಹಾಕಿ, ಹಾಸಿಗೆಯಿಂದ ಎದ್ದು ಕೂತ್ಕೊಳಿ, ನೀರು ಕುಡೀರಿ, ಎಷ್ಟೊತ್ತಾಗಿದ್ರೂ ಪರವಾಗಿಲ್ಲ ನಿಮ್ಮೋರು ಅನ್ನೋರಿಗೆ ಒಂದು ಫೋನ್ ಮಾಡಿ. ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಹುಡುಕೋಕೆ ಹೋಗ್ಬೇಡಿ, ಹುಡುಕೋದು ಬೆಳಿಗ್ಗೆ ಕೆಲಸ. ಹನುಮಾನ್ ಚಾಲೀಸ ಹೇಳ್ಕೊಂಡ್ರೆ ಧೈರ್ಯ ಬರತ್ತಾ, ಹೇಳ್ಕೊಳಿ. ದುವಾ ಓದ್ತೀರಾ, ಜಪಮಾಲೆ ಹಿಡೀತೀರಾ, ಅದೂ ಸರಿ.

ಎರಡು ಸಂದರ್ಭದಲ್ಲಿ ಮಾತ್ರ ಕೂತಿರಬೇಡಿ. ತಲೆ ಸಿಡೀತಿದೆ, ತಲೆ ಸುತ್ತತ್ತೆ, ವಾಂತಿ ಬಂದಂಗಾಗತ್ತೆ ಅಥವಾ ಗ್ಯಾಸ್ ವಾಸನೆ ಬರ್ತಿದೆ ಅಂದ್ರೆ ಯಾವ ಸ್ವಿಚ್ಚೂ ಮುಟ್ಟದೆ ಬಾಗಿಲು ತೆಗೆದು ಹೊರಗೆ ಬನ್ನಿ, ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ, ಅದು ಎಲ್‌ಪಿಜಿ ಲೀಕ್ ನಂಬರು. ಇನ್ನೊಂದು, ಹೆಜ್ಜೆ ಸದ್ದು ಮನುಷ್ಯರದ್ದೇ ಅನ್ನಿಸಿದ್ರೆ ರೂಮಿನ ಚಿಲಕ ಹಾಕ್ಕೊಂಡು 112ಕ್ಕೆ ಮಾಡಿ. ದೆವ್ವ ಅಂದ್ಕೊಂಡು ಕಳ್ಳನ್ನ ಬಿಟ್ಟೋರೂ ಇದಾರೆ.

ನೀವು ದೆವ್ವ ನಂಬ್ತೀರಾ?

ಇಲ್ಲ. ಆದ್ರೆ ನಿಮ್ಮ ಭಯ ನಂಬ್ತೀನಿ. ಮನೇಲಿ ಏನೋ ಇದೆ ಅಂತ ಹೇಳೋರಿಗೆ ಅಲ್ಲಿ ನಿಜವಾಗ್ಲೂ ಏನೋ ಕೇಳಿಸಿರತ್ತೆ, ಏನೋ ಕಂಡಿರತ್ತೆ, ಸುಮ್ನೆ ಹೇಳೋರು ತೀರ ಕಮ್ಮಿ. ಅದು ಏನು ಅನ್ನೋದೇ ಪ್ರಶ್ನೆ. ನೀವು ನಂಬೋರಾಗಿದ್ರೂ ಮುಂದೆ ಬರೆದಿರೋದು ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ನಂಬೋರ ಮನೇಲೂ ವೈರಿಂಗ್ ಹಾಳಾಗತ್ತೆ. ಇನ್ನೊಂದು ಮಾತು, ಮಂಗಳೂರು ಉಡುಪಿ ಕಡೆ ಭೂತ ಅಂದ್ರೆ ದೈವ, ಮನೆ ಕಾಯೋದು, ಕೋಲ ಕೊಟ್ಟು ಕೈ ಮುಗಿಯೋದು. ಸತ್ತೋರ ಆತ್ಮಕ್ಕೆ ಅಲ್ಲಿ ಕುಲೆ ಅಂತಾರೆ. ಆ ದೈವಗಳನ್ನ ಇಲ್ಲಿನ ದೆವ್ವದ ಜೊತೆ ಸೇರಿಸಿ ಮಾತಾಡೋದು ತಪ್ಪು, ನಾನು ಇಲ್ಲಿ ಅದರ ವಿಷ್ಯ ಹೇಳ್ತಿಲ್ಲ.

ಎಲ್ಲಿಂದ ಶುರು ಮಾಡೋದು?

ಒಂದು ನೋಟ್‌ಬುಕ್ಕಿಂದ. ತಾರೀಖು, ಗಡಿಯಾರ ನೋಡಿ ಸರಿಯಾದ ಟೈಮು, ಯಾವ ರೂಮು, ಯಾರ್ಯಾರು ಎದ್ದಿದ್ರು, ಕರೆಂಟ್ ಇತ್ತಾ, ಮಳೆ ಇತ್ತಾ, ಮೋಟರ್ ಓಡ್ತಿತ್ತಾ, ಅಷ್ಟೇ. "ಭಯಂಕರ ಸದ್ದು" ಅಂತ ಬರೀಬೇಡಿ, "ಮೂರು ಸಲ ಧಡ್ ಅಂತು, ಬಚ್ಚಲ ಗೋಡೆ ಕಡೆಯಿಂದ" ಅಂತ ಬರೀರಿ. ಎರಡು ವಾರ ಸಾಕು.

ನಮ್ಮ ಕಥೆ ಹೇಳ್ತೀನಿ. ಮೈಸೂರಲ್ಲಿ ನಾವಿದ್ದ ಬಾಡಿಗೆ ಮನೇಲಿ ದಿನ ಬಿಟ್ಟು ದಿನ ರಾತ್ರಿ ಎರಡೂಕಾಲಿನ ಹೊತ್ತಿಗೆ ಯಾರೋ ಗೋಡೆಗೆ ಗುಂಡುಕಲ್ಲಲ್ಲಿ ಗುದ್ದಿದಂಗೆ ಸದ್ದು, ಆಮೇಲೆ ಸಣ್ಣಗೆ ನರಳಿದಂಗೆ ಒಂದು ಊಂ ಅನ್ನೋ ಶಬ್ದ. ಅಮ್ಮ ಮೂರು ತಿಂಗಳು ಸರಿಯಾಗಿ ನಿದ್ದೆ ಮಾಡ್ಲಿಲ್ಲ, ತೂಕ ಇಳೀತು, ಹಿಂದಿನ ಬಾಡಿಗೆಯವರಲ್ಲಿ ಒಬ್ಬ ಹೆಂಗಸು ತೀರ್ಕೊಂಡಿದ್ರಂತೆ ಅಂತ ಯಾರೋ ಹೇಳಿದ್ದೇ ಸೈ, ಸಂಜೆ ಆರರ ಮೇಲೆ ಬಚ್ಚಲಿಗೆ ಒಬ್ರೇ ಹೋಗೋದೂ ಬಿಟ್ರು. ನಾನು ಬರ್ಕೊಳ್ಳೋಕೆ ಶುರು ಮಾಡಿದ ಹತ್ತನೇ ದಿನಕ್ಕೆ ಒಂದು ವಿಷ್ಯ ಎದ್ದು ಕಾಣ್ತು, ಸದ್ದು ಬರೋ ರಾತ್ರಿ ಎಲ್ಲ ನಮ್ಮ ಬೀದಿಗೆ ನೀರು ಬಿಡೋ ರಾತ್ರಿ. ಮುಂದಿನ ಸಲ ಎರಡು ಗಂಟೆಗೇ ಎದ್ದು ಬಚ್ಚಲಲ್ಲಿ ನಿಂತು, ಗೋಡೆಗೆ ಹಾಕಿದ್ದ ಹಳೇ ಜಿಐ ಪೈಪಿನ ಮೇಲೆ ಅಂಗೈ ಇಟ್ಕೊಂಡೆ. ಪೈಪು ಮೊದಲು ತಣ್ಣಗಾಯ್ತು, ಆಮೇಲೆ ಒಳಗಡೆ ಜುಂ ಅಂತ ನಡುಗ್ತು, ಪಕ್ಕದ ಮನೆಯವರ ಆಟೋಮ್ಯಾಟಿಕ್ ಮೋಟರ್ ಆಫ್ ಆಗಿದ್ದೇ ಧಡ್ ಅಂತ ಕೈಗೇ ಹೊಡೀತು. ಓಡ್ತಿರೋ ನೀರು ಇದ್ದಕ್ಕಿದ್ದಂಗೆ ನಿಂತ್ರೆ ಅದರ ಒತ್ತಡ ಪೈಪಿಗೆ ಸುತ್ತಿಗೆ ಥರ ಬಡಿಯತ್ತೆ, ನಮ್ಮ ಪೈಪಿಗೆ ಎರಡು ಕಡೆ ಕ್ಲಾಂಪ್ ಕಿತ್ತು ಹೋಗಿದ್ದಕ್ಕೆ ಅದು ಗೋಡೆಗೆ ಗುದ್ದುತ್ತಿತ್ತು. ಪ್ಲಂಬರ್ ಬಂದು ಕ್ಲಾಂಪ್ ಹಾಕಿ ವಾಲ್ವ್ ಬದಲಾಯಿಸಿದ್ರು, ಒಂದು ಗಂಟೆ ಕೆಲಸ. ಅಮ್ಮನ್ನ ಆ ರಾತ್ರಿ ಎಬ್ಬಿಸಿ ಅವರ ಕೈನೂ ಪೈಪಿನ ಮೇಲೆ ಇಡಿಸಿದ್ದೆ, ಅದು ಮುಖ್ಯ. ಬಾಯಲ್ಲಿ ಹೇಳಿದ್ರೆ ಅವರು ನಂಬ್ತಿರ್ಲಿಲ್ಲ.

ತಲೆನೋವು, ಸುಸ್ತು, ಯಾರೋ ಹಿಂದೆ ನಿಂತಂಗೆ ಅನ್ಸೋದು, ಅದೂ ಮನೆ ಒಳಗಿದ್ದಾಗ ಮಾತ್ರ. ಇದು ಏನು?

ಇದನ್ನ ದಯವಿಟ್ಟು ಎಲ್ಲಕ್ಕಿಂತ ಮೊದಲು ನೋಡಿ, ಇದು ಪ್ರಾಣದ ವಿಷ್ಯ. ಹೊರಗೆ ಹೋದ್ರೆ ಸರಿ ಹೋಗತ್ತೆ, ಮನೆಗೆ ಬಂದ್ರೆ ಮತ್ತೆ ಶುರು, ಎಲ್ಲರಿಗೂ ಒಂದೇ ಥರ ಆಗ್ತಿದೆ ಅಂದ್ರೆ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಬಣ್ಣ ಇಲ್ಲ, ವಾಸನೆ ಇಲ್ಲ, ಹಾಗಾಗಿ ಮೂಗಿಗೆ ಗೊತ್ತೇ ಆಗಲ್ಲ. 1921ರಲ್ಲಿ ವಿಲಿಯಂ ವಿಲ್ಮರ್ ಅನ್ನೋ ಅಮೆರಿಕದ ಕಣ್ಣಿನ ಡಾಕ್ಟರ್ ಒಂದು ಕುಟುಂಬದ ವಿಷ್ಯ ವೈದ್ಯಕೀಯ ಪತ್ರಿಕೇಲಿ ಬರೆದ್ರು, ಹಳೇ ಮನೆಗೆ ಹೋದ್ಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳ್ಸೋದು, ಆಕಾರಗಳು ಕಾಣೋದು, ತಲೆನೋವು, ಗಿಡಗಳೂ ಬಾಡ್ತಿದ್ವಂತೆ. ಕೊನೆಗೆ ನೋಡಿದ್ರೆ ಮನೆ ಬಿಸಿ ಮಾಡೋ ಕುಲುಮೆ ಕೆಟ್ಟು ಹೊಗೆ ಒಳಗೇ ತುಂಬ್ತಿತ್ತು, ರಿಪೇರಿ ಮಾಡ್ಸಿದ್ರು, ಎಲ್ಲ ನಿಂತೋಯ್ತು.

ನಮ್ಮಲ್ಲಿ ಆ ಕುಲುಮೆ ಇಲ್ಲ, ಆದ್ರೆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಕಿಟಕಿ ಇಲ್ಲದ ಪುಟ್ಟ ಬಾತ್‌ರೂಮಲ್ಲಿ ಅದನ್ನ ಹಾಕ್ಸಿ, ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಸ್ನಾನ ಮಾಡೋದು ನೇರ ಸಾವಿನ ಜೊತೆ ಆಟ, ಪ್ರತಿ ಚಳಿಗಾಲ ಪೇಪರಲ್ಲಿ ಓದ್ತೀವಲ್ಲ. ಗೀಸರ್ ಬಚ್ಚಲ ಹೊರಗೆ ಗಾಳಿ ಆಡೋ ಕಡೆ ಇರ್ಬೇಕು. ಮಡಿಕೇರಿ ಚಿಕ್ಕಮಗಳೂರು ಕಡೆ ಚಳಿಗೆ ಇದ್ದಿಲ ಕೆಂಡ ರೂಮೊಳಗೆ ಇಟ್ಕೊಂಡು ಮಲಗೋದೂ ಅಷ್ಟೇ ಅಪಾಯ, ಜನರೇಟರ್ ಒಳಗಿಡೋದೂ ಅಷ್ಟೇ. ಯಾರಾದ್ರೂ ಬಚ್ಚಲಲ್ಲಿ ಬಿದ್ರೆ "ಗಾಳಿ ಸೋಕಿದೆ" ಅಂತ ನಿಂಬೆಹಣ್ಣು ಹುಡುಕ್ಬೇಡಿ, ಹೊರಗೆ ಎಳ್ಕೊಂಡು ಬಂದು 108ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಪತ್ತೆ ಹಚ್ಚೋ ಸಣ್ಣ ಡಿಟೆಕ್ಟರ್ ಆನ್‌ಲೈನಲ್ಲಿ ಸಿಗತ್ತೆ, ತಗೊಳಿ.

ಲೈಟ್ ತಾನಾಗೇ ಮಿನುಗತ್ತೆ, ಆಫ್ ಮಾಡಿದ್ರೂ ಮಂದವಾಗಿ ಉರಿಯತ್ತೆ.

ಎಲ್‌ಇಡಿ ಬಲ್ಬಿಗೆ ಚೂರೇ ಚೂರು ಕರೆಂಟ್ ಸಾಕು. ಸ್ವಿಚ್ಚಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇದ್ರೆ ಅದರ ಮೂಲಕ ಹರಿಯೋದೇ ಬಲ್ಬ್ ಮಿನುಗಿಸೋಕೆ ಸಾಕಾಗತ್ತೆ, ಇಲ್ಲಾಂದ್ರೆ ಕರೆಂಟ್ ಬರೋ ತಂತಿ (ಫೇಸ್) ಬದಲು ವಾಪಸ್ ಹೋಗೋ ತಂತಿ ನ್ಯೂಟ್ರಲ್‌ಗೆ ಸ್ವಿಚ್ ಹಾಕಿರ್ತಾರೆ. ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ. ಆದ್ರೆ ಒಂದು ರೂಮಲ್ಲಿ ಲೈಟ್ ಮಂಕಾಗಿ ಇನ್ನೊಂದು ರೂಮಲ್ಲಿ ಜಾಸ್ತಿ ಆಗೋದು, ಫ್ಯಾನ್ ಇದ್ದಕ್ಕಿದ್ದಂಗೆ ಜೋರಾಗಿ ತಿರುಗೋದು ಅಂದ್ರೆ ನ್ಯೂಟ್ರಲ್ ಸಡಿಲ ಆಗಿರಬಹುದು, ಮೇನ್ ಆಫ್ ಮಾಡಿ ಕರೆಂಟ್ ದೂರಿನ ನಂಬರು 1912ಕ್ಕೆ ಹೇಳಿ. ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತಾ, ಅರ್ಥಿಂಗ್ ಹೋಗಿದೆ, ಇವತ್ತೇ ತೋರಿಸಿ. ಕಾಲಿಂಗ್ ಬೆಲ್ ತಾನಾಗೇ ಹೊಡ್ಕೊಂಡ್ರೆ ಅದು ವೈರ್‌ಲೆಸ್ ಬೆಲ್ಲಾ ನೋಡಿ, ಪಕ್ಕದ ಮನೆಯವರ ರಿಮೋಟು ನಿಮ್ಮ ಬೆಲ್ಲನ್ನೂ ಬಾರಿಸ್ತಿರತ್ತೆ.

ಅಟ್ಟದ ಮೇಲೆ ಯಾರೋ ಓಡಾಡ್ತಾರೆ.

ಶೀಟ್ ಮನೆ ಆದ್ರೆ ಸಂಜೆ ಏಳರಿಂದ ಹತ್ತರ ತನಕ ಟಕ್ ಟಕ್ ಅನ್ನೋದು ಬಿಸಿಲಿಗೆ ಹಿಗ್ಗಿದ ಶೀಟು ತಣ್ಣಗಾಗಿ ಕುಗ್ಗೋ ಸದ್ದು, ಸೋಲಾರ್ ಪೈಪೂ ಹಾಗೇ ಮಾಡತ್ತೆ. ಹಂಚಿನ ಮನೆ, ಅಟ್ಟ ಇರೋ ಮನೆ ಆದ್ರೆ ಬಹಳ ಸಲ ಪುನುಗಿನ ಬೆಕ್ಕು. ಬೆಂಗಳೂರು ಮೈಸೂರಿನ ಹಳೇ ಬಡಾವಣೆಗಳಲ್ಲೂ ಇದಾವೆ, ರಾತ್ರಿ ಮಾತ್ರ ಓಡಾಡತ್ತೆ, ಮನುಷ್ಯ ನಡೆದಷ್ಟೇ ಸದ್ದು ಮಾಡತ್ತೆ, ಜೊತೆಗೆ ಬಾಸ್ಮತಿ ಅಕ್ಕಿ ಬೇಯಿಸಿದಂಥ ಒಂದು ಘಮ. ನಡುರಾತ್ರಿ ಅನ್ನದ ವಾಸನೆ ಬಂದ್ರೆ ಯಾರಿಗೆ ತಾನೆ ಎದೆ ಧಸಕ್ ಅನ್ನಲ್ಲ ಹೇಳಿ. ಕಿರುಚೋ ಸದ್ದು, ಬುಸ್ ಅಂತ ಗೊರಕೆ ಹೊಡೆದಂಥ ಸದ್ದು ಅಂದ್ರೆ ಕಣಜದ ಗೂಬೆ ಮರಿ ಮಾಡಿದೆ, ಬಿಳೀ ಮುಖ ಕತ್ತಲಲ್ಲಿ ಒಮ್ಮೆಲೇ ಕಂಡ್ರೆ ಮನುಷ್ಯರ ಮುಖದಂಗೇ ಇರತ್ತೆ. ಇವೆರಡನ್ನೂ ಹೊಡೆಯೋ ಹಾಗಿಲ್ಲ, ವನ್ಯಜೀವಿ ಕಾಯ್ದೆ ಇದೆ. ಮರಿ ದೊಡ್ಡದಾಗಿ ಹೋದ್ಮೇಲೆ ಸಂದಿಗೆ ಜಾಲರಿ ಹೊಡೆಸಿ. ನೆಲಮಟ್ಟದಲ್ಲಿ ಪಾತ್ರೆ ಉರುಳೋದು ಹೆಗ್ಗಣ. ಖಾತ್ರಿ ಬೇಕಂದ್ರೆ ಅಟ್ಟದ ಮೇಲೆ ರಾತ್ರಿ ಮಲಗೋಕೆ ಮುಂಚೆ ಒಂದು ತಟ್ಟೆಯಷ್ಟು ಜಾಗಕ್ಕೆ ಅಕ್ಕಿಹಿಟ್ಟು ತೆಳ್ಳಗೆ ಜರಡಿ ಹಿಡೀರಿ, ಬೆಳಿಗ್ಗೆ ಪಾದ ಎಂಥದ್ದು ಅಂತ ಗೊತ್ತಾಗತ್ತೆ.

ನಿದ್ದೇಲಿ ಎಚ್ಚರ ಆಗತ್ತೆ, ಎದೆ ಮೇಲೆ ಯಾರೋ ಕೂತಿರ್ತಾರೆ, ಕೈಕಾಲು ಆಡಲ್ಲ, ಕೂಗೋಕೂ ಆಗಲ್ಲ.

ಇದನ್ನ ಅನುಭವಿಸಿದೋರಿಗೇ ಗೊತ್ತು ಇದರ ಭಯ. ಕನಸು ಬೀಳೋ ನಿದ್ದೇಲಿ ನಾವು ಎದ್ದು ಓಡದೇ ಇರ್ಲಿ ಅಂತ ಮೆದುಳು ಮೈಯ ಸ್ನಾಯುಗಳನ್ನ ಸಡಿಲ ಬಿಟ್ಟಿರತ್ತೆ, ಕೆಲವೊಮ್ಮೆ ಮನಸ್ಸಿಗೆ ಮೊದಲು ಎಚ್ಚರ ಆಗಿ ಮೈಗೆ ಆಮೇಲೆ ಆಗತ್ತೆ, ಆ ಒಂದೆರಡು ನಿಮಿಷದಲ್ಲಿ ಕನಸು ಕಣ್ಮುಂದೆ ರೂಮಲ್ಲೇ ನಡೀತಿರತ್ತೆ. ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಹಲವು ಅಧ್ಯಯನ ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ನೂರರಲ್ಲಿ ಸುಮಾರು ಎಂಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದ್ರೂ ಆಗಿರತ್ತೆ, ವಿದ್ಯಾರ್ಥಿಗಳಲ್ಲಿ ಇನ್ನೂ ಜಾಸ್ತಿ. ನಿದ್ದೆಗೆಟ್ಟೋರಿಗೆ, ನೈಟ್ ಶಿಫ್ಟ್‌ನವರಿಗೆ, ಅಂಗಾತ ಮಲಗೋರಿಗೆ ಹೆಚ್ಚು. ಆದಾಗ ಇಡೀ ಮೈ ಎತ್ತೋಕೆ ಒದ್ದಾಡ್ಬೇಡಿ, ಒಂದು ಕಾಲ್ಬೆರಳು ಅಲ್ಲಾಡಿಸೋಕೆ ನೋಡಿ, ಉಸಿರು ನಿಧಾನಕ್ಕೆ ಬಿಡಿ, ಬಿಟ್ಟೋಗತ್ತೆ. ಮಗ್ಗುಲಾಗಿ ಮಲಗೋದು ರೂಢಿ ಮಾಡ್ಕೊಳಿ. ಹಗಲಲ್ಲೂ ತಡೆಯೋಕಾಗದ ನಿದ್ದೆ ಬರ್ತಿದ್ರೆ ಡಾಕ್ಟರ್ ಹತ್ರ ಹೋಗಿ.

ರಾತ್ರಿ ಹೆಸರು ಹಿಡಿದು ಕರೆದಂಗಾಗತ್ತೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀಲಾ?

ತೊಂಬತ್ತರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಬೀದಿಗೆ ಬೀದಿಯೇ ಬರ್ಕೊಂಡಿತ್ತು, ದೆವ್ವ ಪರಿಚಯದ ದನೀಲಿ ಕರೆಯತ್ತೆ, ಓಗೊಟ್ರೆ ಮುಗೀತು, "ನಾಳೆ ಬಾ" ಅಂತ ಓದಿದ್ರೆ ವಾಪಸ್ ಹೋಗತ್ತೆ ಅಂತ ಸುದ್ದಿ. ಬರೆದ್ರೆ ನಷ್ಟ ಏನಿಲ್ಲ. ಆದ್ರೆ ನಿದ್ದೆ ಹತ್ತೋ ಹೊತ್ತಲ್ಲಿ ಸ್ವಂತ ಹೆಸರು ಕೇಳ್ಸೋದು ತುಂಬಾ ಜನಕ್ಕೆ ಆಗೋ ಮಾಮೂಲಿ ವಿಷ್ಯ, ಅದರಿಂದ ಏನೂ ಆಗಲ್ಲ. ಪೂರ್ತಿ ಎಚ್ಚರ ಇದ್ದಾಗ, ಹಗಲಲ್ಲಿ, ಪದೇ ಪದೇ ದನಿ ಕೇಳ್ತಿದ್ರೆ ಮಾತ್ರ ಡಾಕ್ಟರ್‌ಗೆ ಹೇಳಿ, ಮುಚ್ಚಿಡಬೇಡಿ.

ತೀರ್ಕೊಂಡ ನಮ್ಮ ಯಜಮಾನರು ಮನೇಲೇ ಇದಾರೆ ಅನ್ಸತ್ತೆ.

ಅಮ್ಮ, ಇದಕ್ಕೆ ಹೆದರ್ಬೇಡಿ, ನಿಮಗೆ ಏನೂ ಆಗಿಲ್ಲ. 1971ರಲ್ಲಿ ವೇಲ್ಸ್‌ನಲ್ಲಿ ಡೀವಿ ರೀಸ್ ಅನ್ನೋ ಡಾಕ್ಟರ್ ಗಂಡನ್ನೋ ಹೆಂಡತಿನೋ ಕಳ್ಕೊಂಡ 293 ಜನರನ್ನ ಮಾತಾಡ್ಸಿದ್ರು, ಹತ್ತಿರ ಹತ್ತಿರ ಅರ್ಧದಷ್ಟು ಜನ ಹೋದೋರು ಪಕ್ಕದಲ್ಲಿದ್ದಂಗೆ ಅನ್ಸಿದೆ, ಕಂಡಿದಾರೆ, ದನಿ ಕೇಳಿದೆ ಅಂದ್ರು. ಬಹಳ ಜನಕ್ಕೆ ಅದು ಸಮಾಧಾನ ಕೊಟ್ಟಿತ್ತು, ಯಾರಿಗೂ ಹೇಳ್ಕೊಂಡಿರ್ಲಿಲ್ಲ ಅಷ್ಟೇ. ನಲವತ್ತು ವರ್ಷ ಅವರ ಕೆಮ್ಮು, ಚಪ್ಪಲಿ ಸದ್ದು ಕೇಳಿದ ಕಿವಿ ಒಂದೇ ತಿಂಗಳಿಗೆ ಮರೆಯತ್ತಾ? ತಿಥಿ, ವೈಕುಂಠ ಸಮಾರಾಧನೆ, ಪಿತೃಪಕ್ಷದಲ್ಲಿ ಎಡೆ ಇಡೋದು, ನಿಮ್ಮ ಮನೆ ಪದ್ಧತಿ ಏನಿದ್ಯೋ ಮಾಡಿ. ಊಟ ನಿದ್ದೆ ಬಿಟ್ಟು ಅವರ ಹತ್ರ ಹೋಗ್ಬೇಕು ಅನ್ನಿಸ್ತಿದ್ರೆ ಮಾತ್ರ ಅವತ್ತೇ ಯಾರಿಗಾದ್ರೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಜ್ಜಿಗೆ ಅಂಗಳದಲ್ಲಿ ಮಕ್ಕಳು ಕಾಣ್ತಾರಂತೆ.

ಅಜ್ಜಿ ಕಣ್ಣು ತೋರ್ಸಿದೀರಾ? ಪೊರೆ ಬಂದೋ ಇನ್ನೇನೋ ಆಗಿ ದೃಷ್ಟಿ ಕುಂದಿದಾಗ ಮೆದುಳು ತಾನೇ ಚಿತ್ರ ತುಂಬತ್ತೆ, ಚಾರ್ಲ್ಸ್ ಬೋನೆ ಅನ್ನೋರು 1760ರಲ್ಲೇ ತಮ್ಮ ತಾತನಿಗೆ ಹೀಗಾಗಿದ್ದನ್ನ ಬರೆದಿದಾರೆ, ಅವರ ಹೆಸರಲ್ಲೇ ಇದನ್ನ ಕರೀತಾರೆ. ಇಂಥೋರ ಬುದ್ಧಿ ಸರಿಯಾಗೇ ಇರತ್ತೆ. ನನ್ನ ಅಜ್ಜಿ "ಹಸಿರು ಲಂಗದ ಹುಡುಗಿ, ಮಾತೇ ಆಡಲ್ಲ ನೋಡು" ಅಂತ ತುಳಸಿಕಟ್ಟೆ ಕಡೆ ಕೈ ತೋರ್ಸೋರು, ಪೊರೆ ಆಪರೇಷನ್ ಆದ್ಮೇಲೆ ಆ ಹುಡುಗಿ ಬರ್ಲಿಲ್ಲ. ಹಾಗಂತ ಎಲ್ಲ ಕಣ್ಣೇ ಅಲ್ಲ, ಒಂದೆರಡು ದಿನದಲ್ಲೇ ಗೊಂದಲ ಶುರುವಾಗಿ ಏನೇನೋ ಮಾತಾಡ್ತಿದ್ರೆ ಜ್ವರ, ಮೂತ್ರದ ಸೋಂಕು, ಸೋಡಿಯಂ ಕಮ್ಮಿಯಾಗಿರೋದು, ಹೊಸ ಮಾತ್ರೆ ಯಾವುದಾದ್ರೂ ಇರಬಹುದು, ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮಗು ಮೂಲೆ ನೋಡಿ ಮಾತಾಡತ್ತೆ.

ನಾಲ್ಕೈದು ವರ್ಷದ ಮಗು ಕಾಣದ ಗೆಳೆಯನ ಜೊತೆ ಆಡೋದು ಸಹಜ. "ಅವನ ಕಣ್ಣು ಕೆಂಪಗಿದ್ಯಾ, ಕಾಲು ಹಿಂದೆ ಮುಂದೆ ಇದ್ಯಾ" ಅಂತ ನೀವೇ ಕೇಳಿ ಅದರ ತಲೆಗೆ ತುಂಬಬೇಡಿ. ಆದ್ರೆ ಆಡ್ಕೊಂಡಿದ್ದ ಮಗು ಇದ್ದಕ್ಕಿದ್ದಂಗೆ ಒಂದು ರೂಮಿಗೆ ಹೋಗೋಕೆ ಹೆದರಿದ್ರೆ, ಹಾಸಿಗೆ ಒದ್ದೆ ಮಾಡೋಕೆ ಶುರು ಮಾಡಿದ್ರೆ, ಆ ರೂಮಲ್ಲಿ ಯಾವ ಮನುಷ್ಯ ಇರ್ತಾನೆ, ಯಾರು ಬಂದು ಹೋಗ್ತಾರೆ ಅಂತ ಯೋಚನೆ ಮಾಡಿ. ಸಮಾಧಾನವಾಗಿ ಮಗು ಹತ್ರ ಕೂತು ಕೇಳಿ. 1098 ಮಕ್ಕಳ ಸಹಾಯವಾಣಿ.

ಸಿಸಿಟಿವೀಲಿ ಬಿಳೀ ಉಂಡೆ ಹಾರಾಡತ್ತೆ, ದೆವ್ವ ಹುಡುಕೋ ಆ್ಯಪಲ್ಲೂ ತೋರ್ಸ್ತು.

ಉಂಡೆ ಅಂದ್ರೆ ಲೆನ್ಸ್ ಹತ್ರ ಹಾರೋ ಧೂಳು, ಸೊಳ್ಳೆ. ಕ್ಯಾಮರಾದ ರಾತ್ರಿ ಬೆಳಕು ಅದರ ಮೇಲೆ ಬಿದ್ದು ಹಾಗೆ ಕಾಣತ್ತೆ. ಆ್ಯಪ್ ಡಿಲೀಟ್ ಮಾಡಿ.

ಸಾಮಾನು ಜಾಗ ಬದಲಾಗಿರತ್ತೆ.

ಬೀಗ ಬದಲಾಯಿಸಿ. ಬಾಡಿಗೆ ಮನೆ ಅಂದ್ರೆ ಹಿಂದಿನವರ ಹತ್ರ, ಬ್ರೋಕರ್ ಹತ್ರ, ಪೇಂಟರ್ ಹತ್ರ ಎಲ್ಲ ಒಂದೊಂದು ಕೀ ಇರಬಹುದು. ಬೀಗ ಬದಲಾದ್ಮೇಲೂ ಹಾಗೇ ಆಗ್ತಿದ್ರೆ ಮನೇಲಿ ಯಾರಿಗಾದ್ರೂ ಮರೆವು ಶುರುವಾಗಿದ್ಯಾ ಅಂತ ಪ್ರೀತಿಯಿಂದ ಗಮನಿಸಿ.

ಮನೆ ಮೇಲೆ ಕಲ್ಲು ಬೀಳತ್ತೆ, ಬೀರುವಲ್ಲಿಟ್ಟ ಬಟ್ಟೆ ಸುಡತ್ತೆ. ಬಾನಾಮತಿ ಅಂತಿದಾರೆ.

ಬಾನಾಮತಿ ಅಂದ್ರೆ ಒಂಥರ ಮಾಟ, ಕಲಬುರಗಿ ಬೀದರ್ ಕಡೆ ಈ ಮಾತು ಬಂದ್ರೆ ಊರೇ ನಡುಗತ್ತೆ. ಕೇರಳದ ತಿರುವಲ್ಲಾದಲ್ಲಿ ಹುಟ್ಟಿ ಸಿಲೋನಲ್ಲಿ (ಈಗಿನ ಶ್ರೀಲಂಕಾ) ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಅಬ್ರಹಾಂ ಕೋವೂರ್ ಇಂಥ ಮನೆಗಳಿಗೆ ಹೋಗಿ ಹೋಗಿ ನೋಡಿದೋರು, ಪವಾಡ ಮಾಡಿ ತೋರ್ಸಿದೋರಿಗೆ ಒಂದು ಲಕ್ಷ ಅಂತ ಸವಾಲೂ ಹಾಕಿದ್ರು, ಯಾರೂ ಗೆಲ್ಲಲಿಲ್ಲ. ಕಲ್ಲು ಬೀಳೋದು, ಬಟ್ಟೆ ಸುಡೋದು ಇರೋ ಮನೇಲಿ ಅವರು ಕಂಡಿದ್ದು ಮನುಷ್ಯರ ಕೈಯನ್ನೇ, ಬಹಳ ಸಲ ಮನೆಯವರದ್ದೇ. ಹೇಳ್ಕೊಳ್ಳೋಕೆ ದಾರಿ ಇಲ್ಲದ ಒಂದು ಜೀವ, ಓದು ಬಿಡಿಸಿರೋ ಹುಡುಗಿ, ಇಷ್ಟ ಇಲ್ಲದ ಮದುವೆ ಗೊತ್ತಾದೋಳು, ದಿನಾ ಏಟು ತಿನ್ನೋ ಸೊಸೆ. ಹಾಗಾಗಿ ಸಿಕ್ಕಿಬಿದ್ಲು ಅಂತ ಬೀದೀಲಿ ನಿಲ್ಲಿಸ್ಬೇಡಿ. ಗೊತ್ತಾದ್ರೆ ಒಳಗೆ ಕರ್ದು ಕೂರ್ಸಿ "ಏನಾಗಿದೆ ಪುಟ್ಟಾ" ಅಂತ ಕೇಳಿ. ಬೆಂಕಿ ವಿಷ್ಯ ಆದ್ರಿಂದ ಅವರನ್ನ ಒಬ್ರೇ ಬಿಡ್ಬೇಡಿ, ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಹೊರಗಿನವರು ಜಾಗದ ಜಗಳಕ್ಕೆ ಕಲ್ಲು ಹೊಡೀತಿದ್ರೆ ಅದು ಪೊಲೀಸ್ ಕೇಸು.

ಪೂಜೆ, ಹೋಮ ಮಾಡ್ಸಬಹುದಾ? ಮಂತ್ರವಾದಿನ ಕರೆಸಲಾ?

ಮನೆ ದೇವರಿಗೆ ಪೂಜೆ, ಗಣಹೋಮ, ಸಾಂಬ್ರಾಣಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆಯೋದು, ಬಾಗಿಲಿಗೆ ಬೂದುಗುಂಬಳ ಕಟ್ಟೋದು, ನಿಮಗೆ ನೆಮ್ಮದಿ ಕೊಡತ್ತೆ ಅಂದ್ರೆ ಖಂಡಿತ ಮಾಡಿ, ನಾನು ಬೇಡ ಅನ್ನಲ್ಲ. ಮನೇಲಿ ನಾಲ್ಕು ಜನ ಸೇರಿ ದೀಪ ಹಚ್ಚಿದ್ರೆ ಮನಸ್ಸು ಹಗುರ ಆಗತ್ತೆ. ಎಲೆಕ್ಟ್ರಿಷಿಯನ್‌ನೂ ಕರೆಸಿ ಅಷ್ಟೇ.

ಮಂತ್ರವಾದಿ ಬೇಡ. ನಮ್ಮ ಮನೆಗೆ ಬಂದಿದ್ದ ಒಬ್ಬರು ಮೊದಲು 501 ಅಂದ್ರು, ಆಮೇಲೆ ಅಡುಗೆಮನೆ ಮೂಲೆ ಅಗೆದು ಕೂದಲು ಸುತ್ತಿದ ತಾಮ್ರದ ತಗಡು ತೆಗೆದು ತೋರ್ಸಿದ್ರು, ನಾನು ಪಕ್ಕದಲ್ಲೇ ಕೂತಿದ್ದೆ, ಮಣ್ಣೊಳಗಿಂದ ಬಂದ ತಗಡು ಒಂದು ಚೂರೂ ಹಸಿರುಗಟ್ಟಿರ್ಲಿಲ್ಲ, ಪಳಪಳ ಹೊಳೀತಿತ್ತು. ಅಮ್ಮ ಅದನ್ನ ನೋಡಿ ಬಳೆ ಅಡ ಇಟ್ಟು ಹದಿನೆಂಟು ಸಾವಿರ ಕೊಟ್ರು. ಪೈಪು ಮಾರನೇ ರಾತ್ರಿನೂ ಗುದ್ದಿತು. "ಮನೇಲಿ ಸಾವಾಗತ್ತೆ" ಅಂತ ಹೆದರ್ಸೋರು, ಗಡುವು ಹಾಕೋರು, ಯಾರಿಗೂ ಹೇಳ್ಬೇಡಿ ಅನ್ನೋರು, ಮನೆ ಹೆಣ್ಮಕ್ಕಳ ಜೊತೆ ಒಬ್ಬನೇ ರೂಮಲ್ಲಿ ಪೂಜೆ ಮಾಡ್ಬೇಕು ಅನ್ನೋರು, ಮಾಟ ಮಾಡ್ಸಿದ್ದು ನಿಮ್ಮ ಓರಗಿತ್ತಿನೇ ಅಂತ ಬೆರಳು ತೋರ್ಸೋರು, ಇವರನ್ನ ಬಾಗಿಲಿಂದಾಚೆಗೇ ಕಳ್ಸಿ. ದುಡ್ಡು ಹೋದ್ರೆ ದುಡೀಬಹುದು, ಓರಗಿತ್ತಿ ಜೊತೆ ಮುರಿದ ಸಂಬಂಧ ಮತ್ತೆ ಕೂಡಲ್ಲ.

ಮೈಮೇಲೆ ಬಂದಿದೆ ಅಂತ ಹೊಡೀತಿದಾರೆ, ತಡೆಯೋದು ಹೇಗೆ?

ತಡೀರಿ, ಕೂಡಲೇ. ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋ ಕಾಯ್ದೆ ಪಾಸಾಯ್ತು, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಕಟ್ಟಿಹಾಕೋದು, ಬರೆ ಹಾಕೋದು ಎಲ್ಲ ಅಪರಾಧ, ಒಂದರಿಂದ ಏಳು ವರ್ಷ ಜೈಲು. ಪೂಜೆ, ಪ್ರದಕ್ಷಿಣೆ, ಯಾತ್ರೆ ಇದಕ್ಕೆ ಬರಲ್ಲ, ಅದರ ಭಯ ಬೇಡ. 112ಕ್ಕೆ ಫೋನ್ ಮಾಡಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಬಿದ್ದಾಗ ವಾಸಿ ಆಗ್ಲಿ ಅಂತ ಮನೆಯವರು ದರ್ಗಾಕ್ಕೆ ತಂದು ಬಿಟ್ಟಿದ್ದ 28 ಮಾನಸಿಕ ರೋಗಿಗಳು ಸತ್ರು, ಸರಪಳಿ ಹಾಕಿದ್ರಿಂದ ಓಡೋಕೇ ಆಗ್ಲಿಲ್ಲ. ನನಗೆ ಅದು ನೆನಪಾದಾಗೆಲ್ಲ ಹೊಟ್ಟೆ ತೊಳಸತ್ತೆ. ಗಾಣಗಾಪುರಕ್ಕೆ ಹೋಗ್ಬೇಕು ಅಂತ ಹಿರಿಯರು ಹಟ ಮಾಡಿದ್ರೆ ಹೋಗಿ ದತ್ತನ ದರ್ಶನ ಮಾಡ್ಕೊಂಡು ಬನ್ನಿ, ಜೊತೆಗೆ ಮನೋವೈದ್ಯರು ಬರ್ಕೊಟ್ಟ ಮಾತ್ರೆನೂ ಕೊಡ್ತಾ ಇರಿ. ನಿಮ್ಹಾನ್ಸೇ ಆಗ್ಬೇಕಂತಿಲ್ಲ, ಜಿಲ್ಲಾ ಆಸ್ಪತ್ರೇಲೂ ಮನೋವೈದ್ಯರು ಇರ್ತಾರೆ.

ಬಾಡಿಗೆಗೆ ಬಂದ ಮನೇಲಿ ಯಾರೋ ಸತ್ತಿದ್ರಂತೆ. ಖಾಲಿ ಮಾಡ್ಲಾ?

ಐವತ್ತು ವರ್ಷದ ಯಾವ ಮನೇಲಿ ಸಾವಾಗಿಲ್ಲ ಹೇಳಿ, ಹುಟ್ಟಿರೋರೂ ಇದಾರೆ. ಆದ್ರೂ ನಿಮಗೆ ಅಲ್ಲಿ ನಿದ್ದೆನೇ ಬರ್ತಿಲ್ಲ ಅಂದ್ರೆ ಬಿಡೋದ್ರಲ್ಲಿ ನಾಚಿಕೆ ಏನಿಲ್ಲ, ನೋಟೀಸ್ ಎಷ್ಟು ತಿಂಗಳು ಅಂತ ಅಗ್ರಿಮೆಂಟ್ ನೋಡಿ, ಅಡ್ವಾನ್ಸ್ ವಾಪಸ್ ಬಗ್ಗೆ ಬರಹದಲ್ಲಿ ಮಾಡ್ಕೊಳಿ.

ಎಲ್ಲ ನೋಡಿದ್ವಿ, ಕಾರಣ ಸಿಗಲಿಲ್ಲ.

ಗ್ಯಾಸು, ವೈರಿಂಗು, ಬೀಗ, ಕಣ್ಣು, ನಿದ್ದೆ ಇಷ್ಟೂ ಸರಿಯಾಗಿ ನೋಡಿದ್ದೀರಿ, ಯಾರ ಆರೋಗ್ಯನೂ ಕೆಡ್ತಿಲ್ಲ ಅಂದ್ರೆ ಅದನ್ನ ಹಾಗೇ ಬಿಟ್ಟು ಬದುಕಬಹುದು. ಅಪ್ಪ ಹೋಗಿ ಒಂಬತ್ತು ತಿಂಗಳಿಗೆ ಒಂದು ಸಂಜೆ ನಡುಮನೇಲಿ ಅವರ ಗಣೇಶ ಬೀಡಿ ವಾಸನೆ ಬಂತು, ನನಗೂ ಬಂತು, ಅಮ್ಮನಿಗೂ ಬಂತು. ನಾನು ಕಿಟಕಿ ತೆಗೆದು ಬೀದಿ ನೋಡಿದೆ, ಯಾರೂ ಸೇದ್ತಿರ್ಲಿಲ್ಲ. ನೋಟ್‌ಬುಕ್ಕಲ್ಲಿ ಟೈಮ್ ಬರ್ಕೊಂಡೆ, 6:40. ಅಮ್ಮ ಏನೂ ಮಾತಾಡದೆ ಅವರ ಕುರ್ಚಿ ಪಕ್ಕ ಕೂತು ಅವರೆಕಾಯಿ ಸುಲಿಯೋದು ಮುಂದುವರ್ಸಿದ್ರು.